ಕೆಂಪು ವೈನಿಗೆ ಒಪ್ಪಿದ ರೊಟ್ಟಿ

ಕೆಂಪು ವೈನು ಹೇಗೆ ಕುಡಿಯಬೇಕೆಂದು ನನಗೆ ಕಲಿಸಿದವರು ಮಣ್ಣು ತಿನ್ನುತ್ತಿದ್ದ ಒಬ್ಬ ಫ್ರೆಂಚ್ ಸಾಹೇಬರು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಎಪ್ಪತ್ತರ ದಶಕದ ನಡುವೆ ಒಂದು ಚಳಿಗಾಲ ಅವರು ನಮ್ಮ ಎರೆ ಭೂಮಿಯ ಮಣ್ಣನ್ನು ಪರೀಕ್ಷಿಸಲು ಬಂದು, ಐದಾರು ವಾರ ಕುಂದಗೋಳದ ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಂಡಿದ್ದರು. ದಿನಾ ಯರಗುಪ್ಪಿಯ ಹೊಲಗಳಲ್ಲಿ ಆಳೆತ್ತರದ ಗುಂಡಿ ತೋಡಿಸಿ, ತಾವೇ ಒಳಗಿಳಿದು, ಗುಂಡಿಯ ಗೋಡೆಯಿಂದ ಚೂರು ಮಣ್ಣು ಚಿವುಟಿ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಮೇಲೆ ನಿಂತ ಜನಕ್ಕೆ ನಗು ತಡೆಯುತ್ತಿರಲಿಲ್ಲ. "ಯಾಕ್ರಿ, ಬಂಗ್ಲೇದಾಗ ಉಣ್ಣಾಕ ಹಾಕಂಗಿಲ್ಲೇನು ಇವರಿಗೆ?" ಎಂದು ಒಬ್ಬ ಮುದುಕ ಕೇಳಿದ. ಆ ಪ್ರಶ್ನೆಯನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ನಾನು ಆಗಷ್ಟೇ ಕೃಷಿ ಖಾತೆಯಲ್ಲಿ ನೌಕರಿಗೆ ಸೇರಿದ್ದೆ. ಕುಬಿಹಾಳದಲ್ಲಿ ನಮ್ಮದು ಹೊಲಮನೆ ಇದ್ದ ಲಿಂಗಾಯತ ಮನೆತನ. ಧಾರವಾಡದಲ್ಲಿ ಓದಿ ನಾಲ್ಕಕ್ಷರ ಇಂಗ್ಲಿಷ್ ಕಲಿತಿದ್ದೆ. ಸಾಹೇಬರ ಮಾತನ್ನು ರೈತರಿಗೆ, ರೈತರ ಮಾತನ್ನು ಸಾಹೇಬರಿಗೆ ದಾಟಿಸುವುದು ನನ್ನ ಕೆಲಸ. ಇಪ್ಪತ್ತೈದು ವರ್ಷದವನ ತಲೆ ತಿರುಗಲು ಅಷ್ಟು ಸಾಕು. ಜೀಪಿನ ಮುಂದಿನ ಸೀಟಿನಲ್ಲಿ ಕೂತು ತಿರುಗುವಾಗ ನನ್ನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಯರಗುಪ್ಪಿಯಲ್ಲಿ ನನಗೊಬ್ಬ ಗೆಳೆಯನಿದ್ದ. ಕುಂದಗೋಳದ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಈಗ ಅವನು ತನ್ನ ಊರಿನ ಶಾಲೆಯಲ್ಲೇ ಮಾಸ್ತರ. ಮನೆ ಊರಂಚಿನ ಕೇರಿಯಲ್ಲಿ. ಅವನು ಚಿಕ್ಕವನಿದ್ದಾಗಲೇ ಅವನ ತಾಯಿ ಹುಬ್ಬಳ್ಳಿಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದರು. ರಜೆಯ ದಿನ ಅವನು ಸೈಕಲ್ ಹೊಡೆದುಕೊಂಡು ನಮ್ಮ ಮನೆಗೆ ಬರುತ್ತಿದ್ದ, ಪಡಸಾಲೆಯ ಅಂಚಿನಲ್ಲಿ ಕೂಡುತ್ತಿದ್ದ. ಅವನ ಚಹಾದ ಕಪ್ಪು ಬೇರೆಯಾಗಿ ಹೊರಗಿನ ಗೂಡಿನಲ್ಲಿತ್ತು. ಕುಡಿದಾದ ಮೇಲೆ ಅವನೇ ತೊಳೆದು ಅಲ್ಲೇ ಇಡುತ್ತಿದ್ದ. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಪೂಜೆಯ ಹೊತ್ತಿಗೆ ವಚನ ಓದುತ್ತಿದ್ದೆವು. ಆ ವಚನಗಳಿಗೂ ಗೂಡಿನ ಕಪ್ಪಿಗೂ ಏನಾದರೂ ಸಂಬಂಧವಿದೆ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಅವನ ಮನೆಗೂ ನಾನು ಎಷ್ಟೋ ಸಲ ಹೋಗಿದ್ದೆ. ಅಂಗಳದಲ್ಲಿ ನಿಂತು ಮಾತಾಡಿ ಬಂದಿದ್ದೆ, ಒಂದು ಗುಟುಕು ನೀರು ಕುಡಿದಿರಲಿಲ್ಲ. ಅವನೂ ಒಮ್ಮೆಯೂ ಊಟಕ್ಕೆ ಕರೆದಿರಲಿಲ್ಲ. ಅದನ್ನು ಅವನ ಒಳ್ಳೆಯತನ ಎಂದುಕೊಂಡಿದ್ದೆ.

ಸಾಹೇಬರು ಹೊರಡುವ ವಾರ ಬಂತು. ಒಂದು ಸಂಜೆ ಬಂಗಲೆಯಲ್ಲಿ ಟ್ರಂಕು ತೆರೆದು, ಉಣ್ಣೆಯ ಕಾಲುಚೀಲದ ಒಳಗಿಂದ ಒಂದು ಬಾಟಲಿ ತೆಗೆದರು. ಅವರ ಅಣ್ಣ ಫ್ರಾನ್ಸಿನ ದಕ್ಷಿಣದ ಕಡೆ ದ್ರಾಕ್ಷಿ ತೋಟ ಮಾಡಿಕೊಂಡಿದ್ದರಂತೆ, ಇದು ಅವರೇ ಮಾಡಿದ ಕೆಂಪು ವೈನು. ಮೂರು ಜಾತಿಯ ದ್ರಾಕ್ಷಿ ಬೆರೆಸಿದ್ದು. ಒಂದು ಸಿಹಿಗೆ, ಒಂದು ಬಣ್ಣಕ್ಕೆ ಮತ್ತು ಮೆಣಸಿನಂಥ ವಾಸನೆಗೆ, ಇನ್ನೊಂದು ಒಗರಿಗೆ. ನಮ್ಮಲ್ಲಿ ಬಣ್ಣಕ್ಕೆಂದು ಬ್ಯಾಡಗಿ, ಖಾರಕ್ಕೆಂದು ಲವಂಗಿ ಮೆಣಸಿನಕಾಯಿ ಬೆರೆಸಿ ಪುಡಿ ಮಾಡುತ್ತಾರಲ್ಲ, ಹಾಗೆಯೇ ಎಂದೆ. ಅವರಿಗೆ ಬಹಳ ಖುಷಿಯಾಯಿತು.

"ಇದನ್ನು ಒಬ್ಬನೇ ಕುಡಿಯಬಾರದು, ಬರಿಹೊಟ್ಟೆಯಲ್ಲೂ ಕುಡಿಯಬಾರದು. ನಿಮ್ಮ ಮನೆಯಲ್ಲಿ ಎಲ್ಲರೂ ಕೂತು ಉಣ್ಣುತ್ತ ಕುಡಿಯೋಣವೆ? ನಿಮ್ಮ ಯಾವ ಊಟ ಇದಕ್ಕೆ ಒಪ್ಪುತ್ತದೆ ಎಂದು ನೋಡುವ ಆಸೆ ನನಗೆ," ಎಂದರು.

ನಮ್ಮ ಮನೆಯಲ್ಲಿ ಆ ಬಾಟಲಿ! ಅಪ್ಪ ಬಾಟಲಿಯ ಜೊತೆ ನನ್ನನ್ನೂ ತಿಪ್ಪೆಗೆ ಎಸೆಯುತ್ತಿದ್ದರು. ಅದನ್ನು ನೇರವಾಗಿ ಹೇಳಿದ್ದರೆ ಸಾಹೇಬರು ನಕ್ಕು ಬಿಡುತ್ತಿದ್ದರು. ಆದರೆ ನನಗೆ ತಿಳಿದವನೆನಿಸಿಕೊಳ್ಳುವ ಚಟ. ಧಾರವಾಡದಲ್ಲಿ ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ, ಬಿಳಿ ವೈನಿಗೆ ಮೀನು, ಕೆಂಪು ವೈನಿಗೆ ಮಾಂಸ ಎಂದು ಓದಿದ್ದೆ. ಮೀನು, ಮಾಂಸ, ವೈನು ಮೂರನ್ನೂ ಹುಟ್ಟಿದಾಗಿನಿಂದ ಮುಟ್ಟದವನು, ಬಹಳ ಗಂಭೀರವಾಗಿ, ಕೆಂಪು ವೈನಿಗೆ ಮಟನ್ನೇ ಆಗಬೇಕು ಎಂದೆ. ನಮ್ಮ ಮನೆಯಲ್ಲಿ ಅದು ಆಗುವುದಿಲ್ಲ, ಆದರೆ ಯರಗುಪ್ಪಿಯಲ್ಲಿ ನನ್ನ ಗೆಳೆಯ ಮಾಸ್ತರನ ಮನೆಯಿದೆ ಎಂದೆ. "ಅವರಲ್ಲಿ ಎಲ್ಲ ನಡೆಯುತ್ತದೆ. ತಿನ್ನುತ್ತಾರೆ, ಕುಡಿಯುತ್ತಾರೆ." ಆ ಮಾತನ್ನು ಯಾರೂ ನನ್ನ ಬಾಯಿಗೆ ತುರುಕಿರಲಿಲ್ಲ. ಸಲೀಸಾಗಿ ಬಂತು. ಅದು ಬೇರೆ ಊರು, ನಮ್ಮವರು ಯಾರೂ ನೋಡುವುದಿಲ್ಲ ಎಂಬ ಲೆಕ್ಕವೂ ಒಳಗೆ ನಡೆದಿತ್ತು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಹೋಗಿ ಗೆಳೆಯನನ್ನು ಹಿಡಿದೆ.

"ಲೇ, ರವಿವಾರ ಸಾಹೇಬ್ರು ನಿಮ್ಮನ್ಯಾಗ ಊಟಾ ಮಾಡ್ತಾರಂತ. ಮಟನ್ ಮಾಡಸು. ಅವರ ಕಡೆ ಒಂದು ಬಾಟ್ಲಿ ಐತಿ, ಅದನ್ನೂ ತರ್ತಾರ. ನಿಮ್ಮನ್ಯಾಗ ನಡೀತದಲ?"

ಅವನು ಕೈಯಲ್ಲಿದ್ದ ಸೀಮೆಸುಣ್ಣದ ತುಂಡನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಒಂದೇ ಮಾತು ಕೇಳಿದ.

"ನೀನೂ ಬರ್ತಿಯೇನು ಊಟಕ್ಕ?"

"ಬರಲಾರದ ಏನು? ನಾ ಇಲ್ಲಂದ್ರ ಸಾಹೇಬ್ರ ಜೋಡಿ ಯಾರು ಮಾತಾಡ್ತಾರ?"

"ಹಂಗಾರ ಬರ್ರಿ. ಅವ್ವಗ ಹೇಳ್ತೀನಿ."

ಅವನ ಮುಖ ಅರಳಿತು. ವಿದೇಶದ ಸಾಹೇಬರು ಮನೆಗೆ ಬರುವ ಖುಷಿ ಅದು ಎಂದು ತಿಳಿದು, ಅವನಿಗೆ ಉಪಕಾರ ಮಾಡಿದವನ ಹಾಗೆ ನಾನು ಜೀಪು ಹತ್ತಿದೆ.

ರವಿವಾರ ಬೆಳಿಗ್ಗೆ ಮನೆಯಲ್ಲಿ, ಸಾಹೇಬರ ಜೊತೆ ಹೊಲಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿದೆ. ನಮ್ಮವ್ವ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇಟ್ಟು ಬುತ್ತಿ ಕಟ್ಟಿಕೊಟ್ಟಳು. ತಾಯಂದಿರು ತಾವಾಗಿ ಕಟ್ಟಿಕೊಡುತ್ತಾರೆ, ಬೇಡವೆನ್ನಲಾಗಲಿಲ್ಲ ಎಂದು ನಾನು ಮುಂದೆ ಕೆಲವು ಕಡೆ ಹೇಳಿದ್ದುಂಟು. ಅದೂ ಸುಳ್ಳು. ನಾನೇ ಕೇಳಿ ಕಟ್ಟಿಸಿಕೊಂಡೆ.

ನಾವು ಯರಗುಪ್ಪಿ ಮುಟ್ಟಿದಾಗ ಹನ್ನೆರಡು ಹೊಡೆದಿತ್ತು. ಜೀಪನ್ನು ಚಾವಡಿಯ ಹತ್ತಿರ ಬಿಟ್ಟು ಕೇರಿಗೆ ನಡೆದು ಹೋದೆವು. ಗೆಳೆಯನ ಮನೆಯ ಅಂಗಳ ಹೊಸದಾಗಿ ಸಾರಿಸಿತ್ತು. ಬಾಗಿಲಿನಿಂದ ಒಳಗೆ ನೋಡಿದರೆ, ಹಾಸಿದ ಜಮಖಾನೆ, ಗೋಡೆಯ ಮೇಲೆ ಎರಡು ಪಟ. ಒಂದು ಬುದ್ಧನದು, ಇನ್ನೊಂದು ನೀಲಿ ಕೋಟು, ಕನ್ನಡಕದ್ದು. ಎರಡಕ್ಕೂ ಸೇವಂತಿಗೆಯ ಮಾಲೆ.

ಅವನ ತಾಯಿ ಹೊಸ್ತಿಲಲ್ಲಿ ನಿಂತಿದ್ದರು. ನನ್ನನ್ನು ಅವರು ಯಾವಾಗಲೂ "ಬರ್ರಿ ಸಾವಕಾರ್ರ" ಎನ್ನುತ್ತಿದ್ದವರು. ಆ ದಿನ ಮಗನಿಗೆ ಹೇಳುವ ಹಾಗೆ, "ಬಾರಪಾ, ಬಾ. ಒಳಗ ಬಾ," ಎಂದರು. ಅದನ್ನು ಕೇಳಿ ನನಗೆ ಸಂತೋಷವಾಗಲಿಲ್ಲ. ಕಸಿವಿಸಿಯಾಯಿತು. ಸಾಹೇಬರಿಗೆ ಕನ್ನಡ ಬರುವುದಿಲ್ಲವಲ್ಲ, ಸದ್ಯ, ಎಂದುಕೊಂಡೆ.

ಸಾಹೇಬರು ಹೊಸ್ತಿಲ ಹತ್ತಿರವೇ ಚೀಲದಿಂದ ಬಾಟಲಿ ತೆಗೆದು, ಇದು ತಮ್ಮ ಅಣ್ಣನೇ ಮಾಡಿದ್ದು ಎಂದರು. ಆಗ ಗೆಳೆಯ ಮುಂದೆ ಬಂದು, ತನ್ನ ಮಾಸ್ತರಿಕೆಯ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದ. ತನ್ನ ತಾಯಿ ದೀಕ್ಷೆ ತೆಗೆದುಕೊಂಡ ದಿನ, ಕುಡಿಯುವುದಿಲ್ಲ, ಮನೆಯೊಳಗೆ ಮದ್ಯ ತರಗೊಡುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ, ಅಂದಿನಿಂದ ಈ ಮನೆಗೆ ಅದು ಬಂದಿಲ್ಲ, ದಯವಿಟ್ಟು ಬಾಟಲಿ ಹೊರಗಿರಲಿ ಎಂದ.

ಸಾಹೇಬರು ನನ್ನ ಕಡೆ ತಿರುಗಿದರು. "ಇವರು ಕುಡಿಯುತ್ತಾರೆ ಎಂದು ನೀವು ಹೇಳಿದ್ದಿರಿ."

ಇಂಗ್ಲಿಷಿನಲ್ಲಿ ಹೇಳಿದರು. ಗೆಳೆಯನಿಗೆ ಅರ್ಥವಾಯಿತು. ಅವನು ನನ್ನನ್ನು ನೋಡಲಿಲ್ಲ, ಸಾಹೇಬರ ಬೂಟುಗಳನ್ನು ನೋಡಿದ. ಅವರ ದೀಕ್ಷೆಯ ಸಂಗತಿ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹೈಸ್ಕೂಲಿನಲ್ಲೇ ಅವನು ಹೇಳಿದ್ದ. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಆ ಕೇರಿ ಎಂದರೆ ಮಾಂಸ, ಹೆಂಡ ಎಂದು ನಮ್ಮ ಪಡಸಾಲೆಯಲ್ಲಿ ಕೇಳಿದ್ದು ಮಾತ್ರ ತಲೆಯಲ್ಲಿ ಭದ್ರವಾಗಿ ಕೂತಿತ್ತು.

ಸಾಹೇಬರು ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕತೊಡಗಿದರು. ಅವನ ತಾಯಿ ಏನೆಂದು ಕೇಳಿದರು. ಮಗ ಹೇಳಿದ.

"ಅವರಣ್ಣ ಕೈಯಾರೆ ಮಾಡಿದ್ದಂತ? ಅಷ್ಟು ದೂರದಿಂದ ಹೊತ್ಕೊಂಡ ಬಂದಾರ. ಇರ್ಲಿ, ಹೊರಗ ಕಟ್ಟಿ ಮ್ಯಾಲೆ ಕುಂದರ್ಲಿ. ಒಳಗ ಅಷ್ಟ ಬ್ಯಾಡ. ಊಟಾ ಅಲ್ಲೇ ಕೊಡ್ತೀನಿ," ಎಂದರು.

ಗೆಳೆಯ ಜಮಖಾನೆ ಎತ್ತಿ ತಂದು ಬೇವಿನ ಮರದ ಕಟ್ಟೆಯ ಮೇಲೆ ಹಾಸಿದ. ನಮಗೆಂದು ಸಾರಿಸಿ ಸಿಂಗರಿಸಿದ ಕೋಣೆಯಲ್ಲಿ ಯಾರೂ ಕೂಡಲಿಲ್ಲ.

ಬಂಗಲೆಯಿಂದ ತಂದ ಗಾಜಿನ ಲೋಟಗಳಲ್ಲಿ ಎರಡಕ್ಕೆ ಸಾಹೇಬರು ವೈನು ಹಾಕಿದರು. ಗೆಳೆಯ ತಂಬಿಗೆಯಲ್ಲಿ ನೀರು ಇಟ್ಟುಕೊಂಡು ಕೂತ. ಮೊದಲು ಬಣ್ಣ ನೋಡಬೇಕಂತೆ. ನನ್ನ ಬಿಳಿ ಅಂಗಿಯ ತೋಳಿಗೆ ಲೋಟ ಹಿಡಿದು, ನಡುವಿನ ಕಪ್ಪುಗೆಂಪನ್ನೂ ಅಂಚಿನ ತಿಳಿಗೆಂಪನ್ನೂ ತೋರಿಸಿದರು. ಆಮೇಲೆ ಲೋಟವನ್ನು ಮೆಲ್ಲಗೆ ತಿರುಗಿಸಿ ಮೂಸಬೇಕು. ಆಮೇಲೆ ಒಂದು ಗುಟುಕು, ನುಂಗದೆ, ಸ್ವಲ್ಪ ಗಾಳಿ ಒಳಗೆಳೆದುಕೊಂಡು, ಬಾಯಿಯ ತುಂಬ ಆಡಿಸಬೇಕು. ನಾನು ಎಲ್ಲವನ್ನೂ ತಪ್ಪದೆ ಮಾಡಿದೆ. ನೇರಳೆ ಹಣ್ಣು ತಿಂದ ಹಾಗೆ ನಾಲಿಗೆ ಒಗರಿಗೆ ಹಿಡಿದುಕೊಂಡಿತು. ಹಿಂದಿನಿಂದ ಮೆಣಸು, ಅದರ ಹಿಂದೆ ಒಂದಿಷ್ಟು ಸಿಹಿ ಬಂತು. ಮೂರೂ ದ್ರಾಕ್ಷಿಯನ್ನು ಗುರುತು ಹಿಡಿದೆ ಎಂದು ಸಾಹೇಬರು ಹೊಗಳಿದರು.

ನನ್ನ ಕೊರಳಲ್ಲಿ ಲಿಂಗವಿತ್ತು. ವೈನು ಕುಡಿಯುವಾಗ ಅದು ನೆನಪಾಗಲಿಲ್ಲ. ಊಟ ಬಂದಾಗ ನೆನಪಾಯಿತು.

ಗೆಳೆಯ ಸಾಹೇಬರ ಮುಂದೆ ಮಟನ್ನಿನ ಬಟ್ಟಲು ತಂದಿಟ್ಟ. ಸಾಹೇಬರು ಒಂದು ತುಂಡು ತಿಂದು, ಒಂದು ಗುಟುಕು ಕುಡಿದು, ಕಣ್ಣಲ್ಲಿ ನೀರು ತಂದುಕೊಂಡು ನಗತೊಡಗಿದರು. ಖಾರ ನಾಲಿಗೆ ಹಿಡಿದಾಗ ವೈನು ಬಿದ್ದರೆ ಉರಿ ಇಮ್ಮಡಿಯಾಗುತ್ತದಂತೆ, ಹಣ್ಣಿನ ರುಚಿ ಎಲ್ಲ ಓಡಿ ಹೋಗಿ ಕಹಿ ಮಾತ್ರ ಉಳಿಯುತ್ತದಂತೆ. "ನಿಮ್ಮ ನಿಯಮ ಬರೆದವರು ಈ ಊರಿನ ಮೆಣಸಿನಕಾಯಿ ತಿಂದಿಲ್ಲ," ಎಂದರು. ನಾನೂ ನಕ್ಕೆ. ನಗುತ್ತಲೇ ಚೀಲದಿಂದ ನನ್ನ ಬುತ್ತಿ ತೆಗೆದು ತೊಡೆಯ ಮೇಲೆ ಬಿಚ್ಚಿಕೊಂಡೆ.

"ನಾ ಮಾಂಸಾ ತಿನ್ನಂಗಿಲ್ಲಲ, ಅದಕ್ಕ ಬುತ್ತಿ ತಂದೀನಿ. ಸುಮ್ನ ನಿಮಗ್ಯಾಕ ತ್ರಾಸು ಅಂತ," ಎಂದು ಬಾಗಿಲಿಗೆ ಕೇಳುವ ಹಾಗೆ ಹೇಳಿದೆ.

ಅಷ್ಟರಲ್ಲಿ ಅವನ ತಾಯಿ ಎರಡೂ ಕೈಯಲ್ಲಿ ಒಂದು ತಾಟು ಹಿಡಿದು ಹೊರಗೆ ಬಂದಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಒಂದು ಮುದ್ದೆ ಬೆಣ್ಣೆ. ತಾಟು ನೇರ ನನ್ನ ಕಡೆಗೆ ಬರುತ್ತಿತ್ತು. ನನ್ನ ತೊಡೆಯ ಮೇಲಿನ ಬಟ್ಟೆ ಅವರ ಕಣ್ಣಿಗೆ ಬಿತ್ತು. ನಿಂತರು. ಬುತ್ತಿಯನ್ನು ನೋಡಿದರು, ತಾಟನ್ನು ನೋಡಿದರು. ಆಮೇಲೆ ಎರಡು ಹೆಜ್ಜೆ ಬದಿಗೆ ಸರಿದು ತಾಟನ್ನು ಸಾಹೇಬರ ಮುಂದೆ ಇಟ್ಟರು.

"ಉಣ್ರಿ ಸಾವಕಾರ್ರ, ನಿಮ್ಮ ಬುತ್ತಿ ಉಣ್ರಿ," ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ದಿನಾ ಮಾತಾಡಿಸುತ್ತಿದ್ದ ಹಾಗೆಯೇ ಮಾತಾಡಿಸಿದರು. ಅರ್ಧ ಗಂಟೆಯ ಹಿಂದೆ ಮಗನಾಗಿದ್ದವನು ಮತ್ತೆ ಸಾವಕಾರನಾದೆ. ಹಾಗಾಗಬೇಕೆಂದೇ ಬಯಸಿದ್ದವನು ನಾನು.

ಸಾಹೇಬರಿಗೆ ಇದಾವುದೂ ತಿಳಿಯಲಿಲ್ಲ. ಅವರು ರೊಟ್ಟಿ ಮುರಿದು, ಬೆಣ್ಣೆ ಸವರಿ, ಮೇಲೆ ಹಿಂಡಿ ಉದುರಿಸಿ ಬಾಯಿಗಿಟ್ಟರು. ಅಗಿಯುತ್ತಿರುವಾಗಲೇ ಒಂದು ಗುಟುಕು ವೈನು. ಅಗಿಯುವುದು ನಿಂತಿತು. ಕಣ್ಣು ಮುಚ್ಚಿದರು. ಕಣ್ಣು ತೆರೆದು, "ಇದು," ಎಂದರು. ಎಳ್ಳಿನ, ಗುರೆಳ್ಳಿನ, ಬೆಣ್ಣೆಯ ಜಿಡ್ಡು ವೈನಿನ ಒಗರನ್ನು ಹಿಡಿದು ಮೆತ್ತಗೆ ಮಾಡುತ್ತದೆ, ರೊಟ್ಟಿಗೆ ಹತ್ತಿದ ಬೆಂಕಿಯ ವಾಸನೆ ಹಣ್ಣಿನ ರುಚಿಯನ್ನು ಮೇಲೆ ತರುತ್ತದೆ, 'ನಮ್ಮ ಮನೆಯಲ್ಲಿ ಈ ವೈನಿನ ಜೊತೆ ನೂರು ಊಟ ಮಾಡಿದ್ದೇನೆ, ಇಷ್ಟು ಒಪ್ಪಿದ್ದು ನೆನಪಿಲ್ಲ' ಎಂದು ಒಂದೇ ಸಮನೆ ಹೇಳಿದರು. ಹೇಳುತ್ತ ಹೇಳುತ್ತ ರೊಟ್ಟಿಯ ಅರ್ಧ ಮುರಿದು ಬೆಣ್ಣೆ, ಹಿಂಡಿ ಹಚ್ಚಿ ನನ್ನ ಮುಂದೆ ಹಿಡಿದರು.

"ತಿನ್ನಿ. ಬಾಯಲ್ಲಿರುವಾಗಲೇ ಒಂದು ಗುಟುಕು ಕುಡಿಯಿರಿ. ಹೇಳಿದರೆ ತಿಳಿಯುವುದಲ್ಲ ಇದು."

ಅವನ ತಾಯಿ ಬಾಗಿಲ ಕಂಬ ಹಿಡಿದು ನೋಡುತ್ತಿದ್ದರು. ಗೆಳೆಯ ನೋಡುತ್ತಿದ್ದ. ಅರ್ಧ ರೊಟ್ಟಿ. ಅದರಲ್ಲಿ ಮಾಂಸವಿರಲಿಲ್ಲ, ಮದ್ಯವಿರಲಿಲ್ಲ, ಸಜ್ಜೆ ಮತ್ತು ಎಳ್ಳು ಇತ್ತು. ಕೈ ಚಾಚಿದ್ದರೆ ಮುಗಿಯುತ್ತಿತ್ತು.

"ಹೊಟ್ಟಿ ತುಂಬೇತ್ರಿ," ಎಂದೆ.

ಕನ್ನಡದಲ್ಲಿ ಹೇಳಿದೆ. ರೊಟ್ಟಿ ಹಿಡಿದದ್ದು ಸಾಹೇಬರು, ಉತ್ತರ ಹೋದದ್ದು ಬಾಗಿಲಿಗೆ. ತೊಡೆಯ ಮೇಲಿನ ಬುತ್ತಿಯಿಂದ ನಾನು ಇನ್ನೂ ಒಂದು ತುತ್ತೂ ಎತ್ತಿರಲಿಲ್ಲ. ಎಲ್ಲರಿಗೂ ಅದು ಕಾಣುತ್ತಿತ್ತು. ಸಾಹೇಬರ ಕೈ ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಗೆಳೆಯನ ಕಡೆ ಹೋಯಿತು. ಅವನು ತೆಗೆದುಕೊಂಡು ನೀರಿನ ಜೊತೆ ತಿಂದ.

"ಏನಂತಾರ ಅವರು? ಚಲೋ ಆಗೇತಂತೇನು?" ಎಂದು ತಾಯಿ ಮಗನನ್ನು ಕೇಳಿದರು.

ಮಾತು ದಾಟಿಸುವುದು ನನ್ನ ನೌಕರಿಯಲ್ಲವೆ? ನಾನೇ ಬಾಯಿ ಹಾಕಿದೆ. "ಭಾಳ ರುಚಿ ಆಗೇತಂತ್ರಿ."

"ನೀವು ಹೇಳಬ್ಯಾಡ್ರಿ," ಎಂದರು. "ತಿಂದವರು ಹೇಳ್ಲಿ."

ಸಾಹೇಬರಿಗೆ ಏನು ತಿಳಿಯಿತೋ, ಗುಂಡಿ ತೋಡುವವರಿಂದ ಕಲಿತಿದ್ದ ಎರಡೇ ಕನ್ನಡ ಪದ ಹೇಳಿದರು: "ಅಗದಿ ಚಲೋ." ಅವನ ತಾಯಿ ಆಗ ನಕ್ಕರು. ಅವರ ಮುಖದಲ್ಲಿ ಅಂಥ ನಗುವನ್ನು ನಾನು ಅದೇ ಮೊದಲು ನೋಡಿದ್ದು. ಇನ್ನೊಂದು ರೊಟ್ಟಿ ತರಲು ಒಳಗೆ ಹೋದರು. ನಾನು ಬುತ್ತಿಯನ್ನು ಮತ್ತೆ ಕಟ್ಟಿ ಚೀಲಕ್ಕೆ ಹಾಕಿದೆ. ನೆಲ ಬಾಯಿಬಿಟ್ಟು ನನ್ನನ್ನು ನುಂಗಲಿ ಅನಿಸಿತು, ಆದರೂ ಎದ್ದು ಹೋಗಿ ಒಂದು ತುತ್ತು ಕೇಳಲು ಆಗಲಿಲ್ಲ.

ಊಟ ಮುಗಿದ ಮೇಲೆ ಗೆಳೆಯ ನಮ್ಮನ್ನು ಕಳಿಸಲು ಚಾವಡಿಯವರೆಗೆ ಬಂದ. ಸಾಹೇಬರು ಮುಂದೆ ಮುಂದೆ ನಡೆದಿದ್ದರು. ಏನಾದರೂ ಹೇಳದೆ ನನಗೆ ಇರಲಾಗಲಿಲ್ಲ.

"ತಪ್ಪ ತಿಳ್ಕೋಬ್ಯಾಡಲೇ. ಮಾಂಸಾ ಬೇಯಿಸಿದ ಒಲಿ ಮ್ಯಾಗಿನ ರೊಟ್ಟಿ ನನಗ ನಡ್ಯಂಗಿಲ್ಲ, ನಿನಗ ಗೊತ್ತಲ."

"ಮಾಂಸಾ ನಮ್ಮನ್ಯಾಗ ಬೇಯಿಸಿಲ್ಲ," ಎಂದ. ಶಾಲೆಯಲ್ಲಿ ಹಾಜರಿ ಕರೆಯುವಾಗಿನ ದನಿ. "ಬಾಜೂ ಮನಿ ಕಾಕಿ ಕಡೆ ಮಾಡಿಸಿದ್ವಿ. ಅವ್ವ ಸಂತಿಗೆ ಹೋಗಿ ಹೊಸಾ ಹಂಚು ತಂದ್ಲು, ಹೊಸಾ ಗಡಗಿ ತಂದ್ಲು. ಹಿತ್ತಲದಾಗ ಬ್ಯಾರೆ ಒಲಿ ಹಾಕಿದ್ಲು. ಆ ಒಲಿ ಮ್ಯಾಲೆ ಮತ್ತೇನೂ ಇಟ್ಟಿಲ್ಲ. ನೀ ಬರ್ತಿ ಅಂತ."

ನಾನು ನಿಂತುಬಿಟ್ಟೆ. ಅವನೂ ನಿಂತ.

"ನನಗ ಗೊತ್ತಿರಲಿಲ್ಲೋ."

"ಗೊತ್ತಿದ್ರ ಉಣತಿದ್ದೇನು?"

ನನ್ನನ್ನು ಚುಚ್ಚಲು ಕೇಳಿದ ಪ್ರಶ್ನೆ ಅಲ್ಲ ಅದು. ಅವನಿಗೆ ನಿಜವಾಗಿ ಉತ್ತರ ಬೇಕಿತ್ತು. ಮನೆಗೆ ಹೋಗಿ ತಾಯಿಗೆ ಏನಾದರೂ ಹೇಳಬೇಕಿತ್ತು. ನನ್ನ ಮುಖ ನೋಡುತ್ತ ಕಾದ. ಜೀಪಿನ ಹಾರ್ನ್ ಆಯಿತು. "ಸಾಹೇಬ್ರು ಕರ್ಯಾಕತ್ತಾರ," ಎಂದು ಹೇಳಿ ನಾನು ಓಡಿ ಹೋಗಿ ಮುಂದಿನ ಸೀಟಿನಲ್ಲಿ ಕೂತೆ.

ಅವನು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಮಾಸ್ತರ ಯಾಕೆ ಬರುತ್ತಿಲ್ಲ ಎಂದು ಅವ್ವ ನಾಲ್ಕಾರು ಸಲ ಕೇಳಿದಳು. ಬೇರೆ ಊರಿಗೆ ಬದಲಿಯಾಗಿದೆ ಎಂದೆ. ಅವನಿಗೆ ಯಾವ ಬದಲಿಯೂ ಆಗಿರಲಿಲ್ಲ. ಆ ಮೇಲೆ ನಾನು ನೌಕರಿಯ ನೆಪದಲ್ಲಿ ಹತ್ತಾರು ಊರು ತಿರುಗಿದೆ, ಎಲ್ಲ ಥರದ ಮನೆಗಳಲ್ಲೂ ಉಂಡೆ. ಮಣ್ಣು ತಿನ್ನುವ ಸಾಹೇಬರ ಕಥೆಯನ್ನು, ಮೂರು ದ್ರಾಕ್ಷಿಯ ವೈನಿಗೆ ಸಜ್ಜೆ ರೊಟ್ಟಿ ಒಪ್ಪಿದ ಕಥೆಯನ್ನು ಎಷ್ಟೋ ಪಂಕ್ತಿಗಳಲ್ಲಿ ಹೇಳಿ ನಗಿಸಿದ್ದೇನೆ. ಕೇಳಿದವರು, ಎರಡೂ ಸೇರಿದಾಗ ರುಚಿ ಹೇಗಿತ್ತು ಎಂದು ಕೇಳುತ್ತಾರೆ. ಸಾಹೇಬರು ಹೇಳಿದ್ದನ್ನೇ ನನ್ನ ಮಾತು ಮಾಡಿ ಹೇಳುತ್ತೇನೆ.

ಗೆಳೆಯನ ಪ್ರಶ್ನೆಗೆ ಮಾತ್ರ ಒಬ್ಬನೇ ಇದ್ದಾಗ ಉತ್ತರ ಕೊಟ್ಟುಕೊಂಡಿದ್ದೇನೆ. ಗೊತ್ತಿದ್ದರೆ ಉಣ್ಣುತ್ತಿದ್ದೆ ಮಾರಾಯಾ, ಎಂದು. ಈ ವಯಸ್ಸಿನಲ್ಲಿ ಅದನ್ನು ಬರೆದಿಟ್ಟರೆ ಯಾರೂ ಸುಳ್ಳು ಎನ್ನುವುದಿಲ್ಲ. ಆದರೆ ಆ ಪ್ರಶ್ನೆ ಕೇಳಿದ್ದು ಇಪ್ಪತ್ತೈದು ವರ್ಷದವನನ್ನು. ಅವನನ್ನು ನಾನು ಬಲ್ಲೆ. ಹೊಸ ಹಂಚು, ಹೊಸ ಗಡಿಗೆ, ಬೇರೆ ಒಲೆ ಎಲ್ಲವನ್ನೂ ಮೊದಲೇ ಕಣ್ಣಾರೆ ಕಂಡಿದ್ದರೂ ಅವನು ಬುತ್ತಿ ಕಟ್ಟಿಸಿಕೊಂಡೇ ಹೋಗುತ್ತಿದ್ದ.